ಟ್ರಂಕಿನಲ್ಲಿದ್ದ ಕಾರ್ಡುಗಳು

ದೊಡ್ಡಪ್ಪನವರಿಗೆ ಮಕ್ಕಳಿರಲಿಲ್ಲ. ಅವರು ತೀರಿಕೊಂಡ ಮೇಲೆ ಏಲೂರಿನ ಮನೆಯಲ್ಲಿ ಅವರ ತಗಡಿನ ಟ್ರಂಕನ್ನು ತೆರೆದವರು ತಮ್ಮನ ಮಕ್ಕಳಾದ ನಾವು. ಊರಿನಿಂದ ಬಂದ ಅಂಚೆ ಕಾರ್ಡುಗಳನ್ನು ವರ್ಷವಾರು ನೂಲಿನಿಂದ ಕಟ್ಟಿಟ್ಟಿದ್ದರು. ಪ್ರತಿಯೊಂದರ ಮೂಲೆಯಲ್ಲಿ ಪೆನ್ಸಿಲಿನಿಂದ 'ಉತ್ತರ ಬರೆದಿದೆ' ಎಂಬ ಟಿಪ್ಪಣಿ.

ಕುಂಬಳೆಯಲ್ಲಿ ರೈಲು ಹತ್ತಿ ಅವರು ಆಲುವಾದಲ್ಲಿ ಇಳಿದದ್ದು 1951ರಲ್ಲಿ. ಪೆರಿಯಾರ್ ನದಿಯ ಕವಲುಗಳ ನಡುವಿನ ಏಲೂರಿನಲ್ಲಿ ಫ್ಯಾಕ್ಟ್ ಗೊಬ್ಬರ ಕಾರ್ಖಾನೆ 1947ರಲ್ಲಿ ಉತ್ಪಾದನೆ ಆರಂಭಿಸಿತ್ತು. ಮೊದಮೊದಲು ಅಲ್ಲಿ ಅಮೋನಿಯ ತಯಾರಿಕೆಗೆ ಬೇಕಾದ ಅನಿಲವನ್ನು ಸೌದೆಯಿಂದ ಪಡೆಯುತ್ತಿದ್ದರು. ಅಡಕೆ ತೋಟಕ್ಕೆ ಸೊಪ್ಪು ಹೊತ್ತಿದ್ದ ದೊಡ್ಡಪ್ಪ ಸೌದೆಯ ಲೆಕ್ಕ ಬರೆಯತೊಡಗಿದರು.

ಮೊದಲ ಕಟ್ಟುಗಳಲ್ಲಿ ಅಜ್ಜನ ವಿಳಾಸ 'ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ರಾಜ್ಯ'. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿ ಮಲಬಾರ್ ಜಿಲ್ಲೆಯ ಪಾಲಾಯಿತು. ಎರಡೇ ತಿಂಗಳಲ್ಲಿ ಮಲಬಾರನ್ನು ಒಡೆದಾಗ ಕಣ್ಣಾನೂರಿನ ಪಾಲು. ಅಜ್ಜ ಮಾತ್ರ ಹಳೆಯದನ್ನೇ ಬರೆದರು. ಕಳುಹಿಸುವವರ ವಿಳಾಸವಾದ್ದರಿಂದ ಅಂಚೆಯವರು ತಕರಾರು ತೆಗೆದಿರಲಿಕ್ಕಿಲ್ಲ.

ಆ ದಿನಗಳಲ್ಲಿ ಊರಲ್ಲಿ ಕನ್ನಡಿಗರ ಸಭೆಗಳಿಗೆ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬಲ ತುಂಬುತ್ತಿದ್ದರು. ನಮ್ಮ ತಂದೆ ಒಂದು ಕಾರ್ಡಿನಲ್ಲಿ ಬರೆದಿದ್ದಾರೆ: 'ಇನ್ನು ಅಣ್ಣನಿಗೆ ಊರೂ ಉದ್ಯೋಗವೂ ಒಂದೇ ರಾಜ್ಯದಲ್ಲಿ. ಅನುಕೂಲವೇ ಆಯಿತಲ್ಲ.' ಇಡೀ ಟ್ರಂಕಿನಲ್ಲಿ ಮೂಲೆ ಖಾಲಿ ಇರುವುದು ಈ ಕಾರ್ಡೊಂದರದ್ದೇ.

ಮಾತು ಚುಚ್ಚುವಂಥದು, ಆದರೆ ಅನುಕೂಲ ಪಡೆದವರು ನಾವು. ತಿರುವನಂತಪುರದಲ್ಲಿ ಸರಕಾರಿ ನೌಕರಿ ಮಾಡಿ ಪಿಂಚಣಿ ಪಡೆಯುತ್ತಿದ್ದೇವೆ. ಅದಕ್ಕೆ ಬೇಕಾದ ಮಲಯಾಳವನ್ನು ಬೇಸಗೆ ರಜೆಗಳಲ್ಲಿ ಏಲೂರಿನ ಈ ಜಗಲಿಯ ಮೇಲೆ ಕೂರಿಸಿ ಕಲಿಸಿದವರು ದೊಡ್ಡಪ್ಪ. ಕಲಿಸುವುದೆಲ್ಲ ಕನ್ನಡದಲ್ಲಿ. ತಂದೆಯವರು ಅದನ್ನು ತಿಳಿದೂ ತಿಳಿಯದವರಂತಿದ್ದರು.

ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದಾಗ ತಂದೆ ಸಂಭ್ರಮದಿಂದ ಬರೆದರು. ಬಂದ ಉತ್ತರವನ್ನು ನಾವು ಊರಿನಲ್ಲಿ ಓದಿದ್ದೇವೆ: 'ಹಾಗಾದರೆ ರಜೆಯಲ್ಲಿ ಬರುವಾಗ ಚಂದ್ರಗಿರಿ ಸೇತುವೆಯಲ್ಲಿ ನಿದ್ದೆ ಮಾಡುವುದಿಲ್ಲ.' ಶಿಫಾರಸು ಜಾರಿಗೆ ಬರಲಿಲ್ಲ. ದೊಡ್ಡಪ್ಪ ಎಂದಿನಂತೆ ನಿದ್ದೆ ಮಾಡಿಕೊಂಡೇ ಬರುತ್ತಿದ್ದರು.

ಕೊನೆಯ ಕಾರ್ಡೂ ತಂದೆಯದೇ. 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲಿನದು. ವಿಳಾಸದಲ್ಲಿ ಜಿಲ್ಲೆಯಿದೆ, ರಾಜ್ಯದ ಹೆಸರಿಲ್ಲ. 'ಪಿಂಚಣಿ ಬಂತಲ್ಲ, ಇನ್ನು ಮನೆಗೆ ಬಾ' ಎಂದು ಒಂದೇ ಸಾಲು. ಮೂಲೆಯಲ್ಲಿ 'ಉತ್ತರ ಬರೆದಿದೆ' ಎಂದಿದೆ. ಆ ಉತ್ತರಕ್ಕಾಗಿ ಊರಿನ ಮನೆಯ ಅಟ್ಟವನ್ನೆಲ್ಲ ಹುಡುಕಿದೆವು, ಸಿಗಲಿಲ್ಲ.