ಮುಂಗಾಲೆತ್ತುವ ಉಕ್ಕಿನ ಕುದುರೆಗಳು

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ದೇಶದ ಎಲ್ಲೆಯವರೆಗೂ ಹಬ್ಬಿಕೊಂಡು, ಮರಳಿನದೇ ಒಂದು ಸೀಮೆಯಿದೆ. ಉದ್ದ 40 ಮೈಲಿಗೂ ಮಿಕ್ಕು. ಅಗಲ ಸುಮಾರು 5 ಮೈಲಿ. ಇಂಪೀರಿಯಲ್ ಮರಳುದಿಬ್ಬಗಳೆಂದು ಇದರ ಹೆಸರು. ಪುರಾತನ ಕಾಲದಲ್ಲಿ ಇಲ್ಲಿಗೆ ಪಶ್ಚಿಮದಲ್ಲಿ ವಿಶಾಲವಾದ ಸರೋವರವೊಂದಿತ್ತು. ಕೊಲರಾಡೊ ನದಿ ತಂದು ಸುರಿದ ಮರಳು ಅದರ ದಡದಲ್ಲಿ ಸಂಗ್ರಹವಾಯಿತು. ಸರೋವರ ಬತ್ತಿದ ಮೇಲೆ ಗಾಳಿಯು ಆ ಮರಳನ್ನು ಹೊತ್ತು ತಂದು ಇಲ್ಲಿ ರಾಶಿ ಹಾಕಿತು. ಆ ರಾಶಿಗಳಲ್ಲಿ ಕೆಲವು 300 ಅಡಿ ಎತ್ತರಕ್ಕೆ ಬೆಳೆದು ನಿಂತಿವೆ.

ಬೇಸಗೆಯಲ್ಲಿ ಇತ್ತ ಸುಳಿಯುವವರು ವಿರಳ. ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟನ್ನು ದಾಟುತ್ತದೆ. ಅಕ್ಟೋಬರ್ ಬಂದಿತೆಂದರೆ ಸೀಮೆಯ ಚಹರೆಯೇ ಬದಲಾಗುತ್ತದೆ. 78ನೆಯ ಹೆದ್ದಾರಿಯೂ ರೈಲುಹಾದಿಯೂ ಕೂಡುವಲ್ಲಿರುವ ಗ್ಲಾಮಿಸ್ ಎಂಬ ಪುಟ್ಟ ನೆಲೆಯ ಸುತ್ತ ಡೇರೆಗಳೂ ಮನೆಯಂಥ ಮೋಟಾರುಗಳೂ ಬೀಡುಬಿಡುತ್ತವೆ. ನವೆಂಬರಿನ ಕೃತಜ್ಞತಾ ಹಬ್ಬದ ರಜೆಯಲ್ಲಂತೂ ಮರಳಿನ ನಡುವೆ ಒಂದು ಪಟ್ಟಣವೇ ತಲೆಯೆತ್ತುತ್ತದೆ. ಜನರು ಬರುವುದು ತೀರ್ಥಯಾತ್ರೆಗಲ್ಲ, ನಾಲ್ಕು ಗಾಲಿಯ ಪುಟ್ಟ ವಾಹನಗಳನ್ನೇರಿ ದಿಬ್ಬಗಳ ಮೇಲೆ ಹಾರಾಡುವುದಕ್ಕೆ! ಕ್ವಾಡ್ ಬೈಕು ಎಂದೂ ಎ.ಟಿ.ವಿ. ಎಂದೂ ಕರೆಯುವುದು ಈ ವಾಹನಗಳನ್ನೇ.

ಗಾಲಿಗೂ ಈ ಮರಳಿಗೂ ಹಿಂದಿನಿಂದ ವೈರ. ಕಳೆದ ಶತಮಾನದ ಮೊದಲಲ್ಲಿ ಸ್ಯಾನ್ ಡೀಯಾಗೊ ನಗರದಿಂದ ಯೂಮಾ ಪಟ್ಟಣಕ್ಕೆ ಹೊರಟ ಮೋಟಾರುಕಾರುಗಳಿಗೆ ಈ ದಿಬ್ಬಗಳು ದಾಟಲಾರದ ಗೋಡೆಯಾಗಿದ್ದವು. 1915ರಲ್ಲಿ ಮರಳಿನ ಮೇಲೆ ಮರದ ಹಲಗೆಗಳನ್ನು ಹಾಸಿ ರಸ್ತೆ ಮಾಡಿದರು. ಗಾಳಿ ಬೀಸಿದಾಗಲೆಲ್ಲ ಹಲಗೆಗಳು ಮರಳಿನಲ್ಲಿ ಮುಚ್ಚಿಹೋಗುತ್ತಿದ್ದವು. ಎದುರುಬದುರಾದ ಕಾರುಗಳಲ್ಲಿ ಒಂದು ಹಿಂದೆ ಸರಿಯದೆ ಗತ್ಯಂತರವಿರಲಿಲ್ಲ. 1926ರಲ್ಲಿ ಪಕ್ಕಾ ರಸ್ತೆಯಾಗುವವರೆಗೆ ಪ್ರಯಾಣಿಕರು ಈ ಪಾಡು ಪಟ್ಟರು. ಆ ಹಲಗೆರಸ್ತೆಯ ತುಣುಕುಗಳನ್ನು ನೆನಪಿಗಾಗಿ ಈಗಲೂ ಕಾಪಾಡಿಕೊಂಡು ಬಂದಿದ್ದಾರೆ.

ಹಲಗೆಯ ಹಂಗಿಲ್ಲದೆ ಮರಳನ್ನು ಗೆಲ್ಲುವ ಉಪಾಯವು ಟೈರಿನಲ್ಲಿತ್ತು. ಟೈರು ಅಗಲವಾಗಿ, ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿದ್ದರೆ ವಾಹನದ ಭಾರವು ಹೆಚ್ಚು ನೆಲದ ಮೇಲೆ ಹರಡುತ್ತದೆ, ಗಾಲಿ ಹೂತುಹೋಗುವುದಿಲ್ಲ. ಒಂಟೆಯ ಪಾದದ ರಹಸ್ಯವೂ ಇದೇ ಅಲ್ಲವೆ? 1970ರಲ್ಲಿ ಜಪಾನಿನ ಹೊಂಡಾ ಸಂಸ್ಥೆಯು ಬಲೂನಿನಂಥ ಟೈರುಗಳ ಮೂರು ಗಾಲಿಯ ವಾಹನವೊಂದನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಚಳಿಗಾಲದಲ್ಲಿ ಮೋಟಾರ್ ಸೈಕಲ್ಲುಗಳಿಗೆ ಗಿರಾಕಿಗಳಿಲ್ಲದೆ ಕೈಕಟ್ಟಿ ಕುಳಿತಿದ್ದ ವ್ಯಾಪಾರಿಗಳಿಗೆ ಅದು ವರವಾಯಿತು. ಹಿಮವಾಗಲಿ ಮರಳಾಗಲಿ ಕೆಸರಾಗಲಿ, ಅದು ಓಡುತ್ತಿತ್ತು.

ಈಗ ಓಡುವವು ನಾಲ್ಕು ಗಾಲಿಯವು. ಹೆದ್ದಾರಿಯ ಪಕ್ಕದಲ್ಲಿ ಆಸ್ಬೋರ್ನ್ ಎಂಬ ಎತ್ತರದ ತಾಣವಿದೆ. ಹೊತ್ತು ಮುಳುಗುವ ಸಮಯಕ್ಕೆ ಅಲ್ಲಿ ನಿಂತರೆ ಕಾಣುವ ನೋಟ ಸೊಗಸಾದದ್ದು. ದಿಬ್ಬಗಳ ಒಂದು ಮಗ್ಗುಲು ಹೊನ್ನು, ಇನ್ನೊಂದು ಮಗ್ಗುಲು ಕಪ್ಪು. ನಡುವೆ ಹತ್ತಾರು ವಾಹನಗಳು ಜೀರುಂಡೆಗಳಂತೆ ಗುಂಯ್‌ಗುಟ್ಟುತ್ತ ಏರಿ ಇಳಿಯುತ್ತವೆ. ಇದ್ದಕ್ಕಿದ್ದಂತೆ ಒಂದರ ಮೂತಿ ಮೇಲಕ್ಕೇಳುತ್ತದೆ. ಮುಂದಿನ ಎರಡು ಗಾಲಿಗಳು ಆಕಾಶಕ್ಕೆ ಮುಖಮಾಡಿ, ಹಿಂದಿನ ಎರಡರ ಮೇಲೆಯೇ ವಾಹನವು ನೂರಾರು ಅಡಿ ಓಡುತ್ತದೆ. ಲಗಾಮು ಜಗ್ಗಿದಾಗ ಮುಂಗಾಲೆತ್ತುವ ಕುದುರೆಯದೇ ಭಂಗಿ! ವ್ಹೀಲಿ ಎಂಬುದು ಈ ಆಟದ ಹೆಸರು.

ಮೂತಿಯನ್ನು ಎತ್ತುವುದು ಕಷ್ಟವಲ್ಲ. ಸವಾರ ಮೈಭಾರವನ್ನು ಹಿಂದಕ್ಕೆ ಒಯ್ದು, ಹೆಬ್ಬೆರಳಿನಿಂದ ವೇಗದ ಗುಂಡಿಯನ್ನು ಒತ್ತಿದರೆ, ಹಿಂದಿನ ಗಾಲಿಗಳು ನೆಲವನ್ನು ಬಲವಾಗಿ ಹಿಂದಕ್ಕೆ ತಳ್ಳುತ್ತವೆ. ಮುಂಭಾಗ ತಾನಾಗಿ ಏಳುತ್ತದೆ. ಮರಳಿಗೆಂದೇ ಮಾಡಿದ ಟೈರುಗಳಲ್ಲಿ ಹುಟ್ಟಿನಂಥ ಅಡ್ಡಪಟ್ಟಿಗಳಿರುತ್ತವೆ. ಅವು ಮರಳನ್ನು ಕಚ್ಚಿದಾಗ ಮೂತಿ ಇನ್ನೂ ಬೇಗ ಮೇಲೇಳುತ್ತದೆ. ವಿದ್ಯೆಯಿರುವುದು ಇಳಿಸುವುದರಲ್ಲಿ. ಬಲಪಾದವು ಹಿಂದಿನ ಬ್ರೇಕಿನ ಮೇಲೆ ಸದಾ ಸಿದ್ಧವಾಗಿರಬೇಕು. ವಾಹನ ಹಿಂದಕ್ಕೆ ವಾಲುತ್ತಿದೆಯೆಂದು ತಿಳಿದ ಕ್ಷಣವೇ ಆ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಮೂತಿ ಕೆಳಗಿಳಿಯುತ್ತದೆ. ತಡವಾಯಿತೆಂದರೆ ವಾಹನ ಸವಾರನ ಮೇಲೆಯೇ ಮಗುಚಿಕೊಳ್ಳುತ್ತದೆ. ತಯಾರಕರು ಈ ಆಟವೇ ಬೇಡವೆಂದು ಎಚ್ಚರಿಸುವುದು ಇದೇ ಕಾರಣದಿಂದ. ಮಟ್ಟಸ ನೆಲದಲ್ಲಿ, ಮೆಲ್ಲನೆಯ ವೇಗದಲ್ಲಿ, ಏಳುವ ಮೊದಲೇ ಇಳಿಸುವುದನ್ನು ಕೈಕಾಲುಗಳಿಗೆ ರೂಢಿಮಾಡಿಸಿದವರು ಮಾತ್ರ ಇಲ್ಲಿ ದಿನಗಟ್ಟಲೆ ಆಡಿ ನೆಟ್ಟಗೆ ಮನೆಗೆ ಮರಳುತ್ತಾರೆ.

ಮರಳು ಇನ್ನೊಂದು ಮೋಸವನ್ನೂ ಬಲ್ಲದು. ಗಾಳಿಗೆ ಎದುರಾದ ಮಗ್ಗುಲಲ್ಲಿ ದಿಬ್ಬದ ಏರು ಮಂದವಾಗಿರುತ್ತದೆ. ಹಿಂಬದಿ ಕಡಿದಾಗಿ ಕೆಳಗಿಳಿಯುತ್ತದೆ. ಏರಿ ಬಂದವನಿಗೆ ನೆತ್ತಿಯಾಚೆ ಏನಿದೆಯೆಂಬುದು ಕಾಣದು. ಮೂತಿಯೆತ್ತಿ ಬಂದವನಿಗಂತೂ ಮುಂದಿನ ದಾರಿಯೇ ಮರೆ. ಆದ್ದರಿಂದಲೇ ಪ್ರತಿಯೊಂದು ವಾಹನಕ್ಕೂ ಉದ್ದನೆಯ ಕೋಲು ಕಟ್ಟಿ, ನೆಲದಿಂದ 8 ಅಡಿ ಎತ್ತರದಲ್ಲಿ ಬಾವುಟ ಹಾರಿಸಬೇಕೆಂಬ ನಿಯಮವುಂಟು. ದಿಬ್ಬದಾಚೆಯ ಸವಾರ ಕಾಣುವ ಮೊದಲೇ ಅವನ ಬಾವುಟ ಕಾಣುತ್ತದೆ.

ಇಂಥ ನಿಯಮಗಳ ಹಿಂದೆ ಅನೇಕರ ಕಣ್ಣೀರಿದೆ. ಮೂರು ಗಾಲಿಯ ವಾಹನಗಳು ತಿರುವುಗಳಲ್ಲಿ ಸುಲಭವಾಗಿ ಪಲ್ಟಿಯಾಗುತ್ತಿದ್ದವು. ಆಟದ ಸಾಮಾನೆಂದು ತಂದೆತಾಯಿಗಳು ಕೊಡಿಸಿದ ವಾಹನದಿಂದಲೇ ಎಷ್ಟೋ ಮಕ್ಕಳು ಪ್ರಾಣ ಕಳೆದುಕೊಂಡರು. ಕೊನೆಗೆ 1988ರಲ್ಲಿ, ಸರ್ಕಾರ ಹೂಡಿದ ದಾವೆಯ ಫಲವಾಗಿ, ತಯಾರಕರು ಹೊಸ ಮೂರು ಗಾಲಿಯ ವಾಹನಗಳ ಮಾರಾಟವನ್ನು ನಿಲ್ಲಿಸಿದರು. ದೊಡ್ಡವರ ವಾಹನಗಳನ್ನು 16 ವರ್ಷಕ್ಕೆ ಕೆಳಗಿನವರಿಗಾಗಿ ಮಾರಬಾರದೆಂಬುದಕ್ಕೂ ಒಪ್ಪಿದರು. 1980ರ ದಶಕದ ಆರಂಭದಲ್ಲಿ ಸುಜುಕಿ ಸಂಸ್ಥೆ ಹೊರತಂದಿದ್ದ ನಾಲ್ಕು ಗಾಲಿಯ ಮಾದರಿಯೇ ಆ ಬಳಿಕ ಎಲ್ಲೆಡೆ ನೆಲೆಯೂರಿತು.

ಆದರೂ ಗಾಲಿ ನಾಲ್ಕಾದ ಮಾತ್ರಕ್ಕೆ ಚಿಂತೆ ಕಳೆಯಲಿಲ್ಲ. ಯಾವ ವಾಹನ ಒಳ್ಳೆಯದೆಂದು ಕೇಳುವವರಿಗೆ ಬಲ್ಲವರು ಮರುಪ್ರಶ್ನೆ ಹಾಕುತ್ತಾರೆ: ಯಾವ ನೆಲಕ್ಕೆ? ಯಾರ ಕೈಗೆ? ಹೊಲತೋಟಗಳಲ್ಲಿ ಹೊರೆ ಹೊರುವ ವಾಹನದ ರೀತಿ ಬೇರೆ. ಅದರ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಮುಟ್ಟುತ್ತದೆ, ಮುಂದೆಯೂ ಹಿಂದೆಯೂ ಸಾಮಾನು ಕಟ್ಟುವ ಸರಳುಗಳಿರುತ್ತವೆ, ಮೈ ಭಾರ. ಮರಳಿನಲ್ಲಿ ಕುಣಿಯುವ ವಾಹನ ಹಗುರ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಬಲ. ಗೇರುಗಳನ್ನು ಸವಾರನೇ ಬದಲಿಸಬೇಕು. ಹಗುರವೆಂದರೂ ಯಮಾಹಾದ ರ್‍ಯಾಪ್ಟರ್ 700ರಂಥದರ ತೂಕ 400 ಪೌಂಡಿಗೂ ಮಿಕ್ಕು. ಎಂಜಿನ್ನಿನ ಗಾತ್ರ 686 ಸಿ.ಸಿ. ನೆಲ ಯಾವುದೇ ಇರಲಿ, ವಾಹನ ಸವಾರನ ಮೈಗೆ ಒಪ್ಪಬೇಕು. ಕಾಲಿಡುವ ಕಡ್ಡಿಗಳ ಮೇಲೆ ಎದ್ದು ನಿಂತರೆ ಆಸನಕ್ಕೂ ಮೈಗೂ ನಡುವೆ ಕೆಲವು ಅಂಗುಲಗಳ ತೆರಪಿರಬೇಕು. ಹಿಡಿಯನ್ನು ಪೂರ್ತಿ ತಿರುಗಿಸಿದಾಗಲೂ ತೋಳು ಸೆಟೆಯಬಾರದು. ಬ್ರೇಕಿಗೆ ಬೆರಳು ಸಲೀಸಾಗಿ ಎಟಕಬೇಕು. ಆಸನ ಉದ್ದವಾಗಿದೆಯೆಂದು ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಲಾಗದು. ಸವಾರ ಮೈಯನ್ನು ಹಿಂದೆ ಮುಂದೆ ಸರಿಸಿ ತೂಕ ಸರಿಮಾಡಿಕೊಳ್ಳಲೆಂದೇ ಆ ಉದ್ದ.

ಗ್ಲಾಮಿಸಿನ ಬಿಡಾರಗಳಲ್ಲಿ ಪ್ರತಿ ವರ್ಷವೂ ಒಂದು ವಾಗ್ವಾದ ನಡೆದೇ ನಡೆಯುತ್ತದೆ. ಹನ್ನೆರಡು ವರ್ಷದ ಹುಡುಗನಿಗೆ ಅಪ್ಪನ ವಾಹನದ ಮೇಲೆ ಕಣ್ಣು. ತನ್ನದು ಚಿಕ್ಕದು, ಮೂತಿ ಏಳುವುದಿಲ್ಲ, ಸ್ನೇಹಿತರು ನಗುತ್ತಾರೆಂದು ಅವನ ಹಟ. ಒಂದೇ ಒಂದು ಸುತ್ತು ಎಂದು ಗೋಗರೆಯುತ್ತಾನೆ. ಅಪ್ಪನ ಮನಸ್ಸು ಕರಗುವುದೂ ಸಹಜ. ತಾನೂ ಒಂದು ಕಾಲಕ್ಕೆ ಹೀಗೆಯೇ ಗೋಗರೆದವನು. ಆದರೆ ತೂಕದ ಲೆಕ್ಕಕ್ಕೆ ಕರುಣೆಯಿಲ್ಲ. ಮಗುಚಿದ ವಾಹನವನ್ನು ಎತ್ತುವ ಬಲ ಆ ಎಳೆಯ ತೋಳುಗಳಿಗೆಲ್ಲಿಯದು? ಬಲ್ಲ ತಂದೆ ದೊಡ್ಡ ವಾಹನದ ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.

ಆಮೇಲೆ ಅವನು ಮರಳಿನಲ್ಲಿ ಮಂಡಿಯೂರಿ, ಮಗನ ಚಿಕ್ಕ ವಾಹನದಲ್ಲಿ ವೇಗಕ್ಕೆ ಮಿತಿ ಹಾಕುವ ತಿರುಪನ್ನು ಪರೀಕ್ಷಿಸುತ್ತಾನೆ; ಶಿರಸ್ತ್ರಾಣದ ಪಟ್ಟಿಯನ್ನು ಬಿಗಿಮಾಡುತ್ತಾನೆ; ಬಾವುಟದ ಕೋಲನ್ನು ಅಲ್ಲಾಡಿಸಿ ನೋಡುತ್ತಾನೆ. ಹುಡುಗ ಮುಖ ಊದಿಸಿಕೊಂಡೇ ಹೊರಡುತ್ತಾನೆ. ಎರಡು ದಿಬ್ಬ ದಾಟುವಷ್ಟರಲ್ಲಿ ಮುನಿಸು ಇಳಿದಿರುತ್ತದೆ. ಹಿಂದೆ ತನ್ನ ವಾಹನದಲ್ಲಿ ಮೆಲ್ಲಗೆ ಹಿಂಬಾಲಿಸುವ ತಂದೆಗೆ, ಮರಳಿನ ಅಂಚಿನ ಮೇಲೆ ಆ ಪುಟ್ಟ ಬಾವುಟವೊಂದು ಕಾಣುತ್ತಿದ್ದರೆ ಸಾಕು.