ಹಳೆಯದೋ, ಹೊಸದೋ?

ಹೊಸ ಮಾದರಿ ಅಂಗಡಿಗೆ ಬಂದ ದಿನವೇ ಹಳೆಯದಕ್ಕೆ ಮುಪ್ಪು ಬರುತ್ತದೆ; ಯಂತ್ರ ಮಾತ್ರ ನಿನ್ನೆ ಇದ್ದಂತೆಯೇ ಇರುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಪಾಠಕ್ಕೂ ಆಟಕ್ಕೂ ಒದಗುವ ಲ್ಯಾಪ್‌ಟಾಪ್ ಕೊಡಿಸಹೊರಟಾಗ ಈ ಮಾತು ನನಗೆ ಚೆನ್ನಾಗಿ ಮನದಟ್ಟಾಯಿತು.

ನಮ್ಮ ಮುಂದಿದ್ದುವು ಎರಡು: 2023ರ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಚಿಪ್ ಉಳ್ಳದ್ದೊಂದು, 2025ರ 5070 ಉಳ್ಳದ್ದೊಂದು. ಜಾತಕ ಕೂಡಿಸಿ ನೋಡಿದೆವು. ಕೋರುಗಳು ಎರಡರಲ್ಲೂ 4,608. ಚಿಪ್ಪಿನ ಮೆಮೊರಿಯೂ ಎರಡರಲ್ಲಿ 8 ಜಿಬಿಯೇ. ಹೊಸದರ ಮೆಮೊರಿ ಜಿಡಿಡಿಆರ್7 ಜಾತಿಯದು; ವೇಗ ಹೆಚ್ಚು. ಅದಕ್ಕೆ ಇನ್ನೊಂದು ವಿದ್ಯೆಯೂ ಉಂಟು: ತಾನು ಬರೆದ ಪ್ರತಿಯೊಂದು ಚಿತ್ರಕ್ಕೆ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಊಹಿಸಿ ಸೇರಿಸಬಲ್ಲದು. ಹಳೆಯದು ಸೇರಿಸುವುದು ಒಂದನ್ನು ಮಾತ್ರ. ಇದರಿಂದ ಕಣ್ಣಿಗೆ ಚಲನೆ ನುಣುಪಾಗುತ್ತದೆ. ಕೈಯ ಆಜ್ಞೆಗೆ ಯಂತ್ರ ಓಗೊಡುವ ಚುರುಕು ಹೆಚ್ಚುವುದಿಲ್ಲ.

“ಹೊಸದಾದರೆ ಹೆಚ್ಚು ವರ್ಷ ಬಾಳುತ್ತದಲ್ಲವೇ ಅಪ್ಪಾ?” ಎಂದ ಮಗ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮುಂದಿನ ಆಟಗಳು 8 ಜಿಬಿ ಸಾಲದೆಂದ ದಿನ ಎರಡಕ್ಕೂ ಒಂದೇ ಗತಿ. ಬೆಸುಗೆ ಹಾಕಿದ ಚಿಪ್ಪನ್ನು ಮನೆಯಲ್ಲಿ ಬದಲಿಸುವಂತಿಲ್ಲ. ಚಿಪ್ಪಿಗೆ ಎಷ್ಟು ವ್ಯಾಟ್ ಉಣಿಸುತ್ತಾರೆ, ಕಾವನ್ನು ಹೇಗೆ ಹೊರಹಾಕುತ್ತಾರೆ ಎಂಬುದೂ ಹೆಸರಿನಷ್ಟೇ ಮುಖ್ಯ. ನಾವು ನೋಡಿದ ಹಳೆಯದು ಅದರಲ್ಲಿ ಹಿಂದೆ ಬಿದ್ದಿರಲಿಲ್ಲ.

ಬೆಲೆಯ ಅಂತರವೋ, ಅವನ ತಂಗಿಯ ಹಾಸ್ಟೆಲಿನ ಅರ್ಧ ವರ್ಷದ ಶುಲ್ಕ. ಅವಳು ಬಾಯಿ ತೆರೆದು ಏನನ್ನೂ ಹೇಳಲಿಲ್ಲ. ಆ ಮೌನ ನಮಗೆಲ್ಲ ಕೇಳಿಸಿತು. ಅಣ್ಣನಿಗೆ ಎಲ್ಲರಿಗಿಂತ ಮೊದಲು.

“ಹಳೆಯದೇ ಸಾಕಪ್ಪಾ” ಎಂದನವನು.

ಯಂತ್ರ ಊಹಿಸಿ ಸೇರಿಸುವ ಚಿತ್ರಗಳು ಕಾಯಬಹುದು. ಹುಡುಗಿಯ ಓದು ಕಾಯತಕ್ಕದ್ದಲ್ಲ.