ಮೂರು ನಿಮಿಷದ ದನಿಗಳು

ನಾನು ಕಥೆ ಬರೆಯುತ್ತೇನೆಂಬುದು ನಮ್ಮ ಹಿರೇವಡ್ಡಟ್ಟಿಯಲ್ಲಿ ಕೆಲವರಿಗೆ ಗೊತ್ತು. ಹಳೇ ಗ್ರಾಮೊಫೋನ್ ತಟ್ಟೆ ಕೂಡಿಸುತ್ತೇನೆಂಬುದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿ, ಗದಗಿನ ಗುಜರಿ ಅಂಗಡಿಗಳಲ್ಲಿ ಧೂಳು ಕುಡಿದು ನಾನು ತಂದ ಚೀಲವನ್ನು ನೋಡಿ ಬಸ್ಸಿನಲ್ಲಿ ಒಬ್ಬರು ಕೇಳಿದರು: ‘ಸಾಹೇಬ್ರ, ಮೊಬೈಲ್‌ದಾಗ ಪುಕ್ಕಟೆ ಹಾಡ ಬರ್ತಾವ. ಈ ತಟ್ಟಿ ಯಾಕ ಹೊರ್ತೀರಿ?’ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಮಾತ್ರ ಬಸ್ಸಿಳಿಯುವುದರೊಳಗೆ ಹೇಳಿ ಮುಗಿಯುವಂಥದಲ್ಲ.

ಈ ತಟ್ಟೆ ಪ್ಲಾಸ್ಟಿಕ್ಕಲ್ಲ. ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು. ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ರಾತ್ರಿಯಿಡೀ ಒಂದೇ ರಾಗ ಹಾಡಬಲ್ಲ ಉಸ್ತಾದರು ಆ ಮೂರು ನಿಮಿಷದೊಳಗೆ ಅದರ ಜೀವ ಹಿಡಿದಿಡಬೇಕಿತ್ತು. ಸಣ್ಣಕಥೆ ಬರೆಯುವ ನನಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಕ್ಕಿಲ್ಲ.

1902ರಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕೂತ ಗೌಹರ್ ಜಾನ್, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಆಗ ತಟ್ಟೆ ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ಗೊತ್ತಾಗಬೇಕಲ್ಲ! ಆ ಮಹಾನ್ ಗಾಯಕಿ 1930ರಲ್ಲಿ ಕಣ್ಣುಮುಚ್ಚಿದ್ದು ನಮ್ಮ ಮೈಸೂರಿನಲ್ಲಿ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಮುಂಬಯಿಯ ಚಿತ್ರರಂಗಕ್ಕೆ ಹೋಗಿ ಹೆಸರಾದರೂ ಕರ್ನಾಟಕಿ ಎಂಬುದನ್ನು ತನ್ನ ಹೆಸರಿನಿಂದ ಬಿಡಲಿಲ್ಲ. ಉರ್ದು ಮತ್ತು ಕನ್ನಡ ಎರಡನ್ನೂ ಓದಿದ ನನ್ನಂಥವನಿಗೆ ಈ ಹೆಣ್ಣುಮಕ್ಕಳ ದನಿ ಮನೆಯವರ ದನಿಯೇ.

ನಮ್ಮ ಗದಗ ಸೀಮೆಗಂತೂ ಈ ತಟ್ಟೆಗಳ ಋಣ ದೊಡ್ಡದು. ಉಸ್ತಾದ್ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹತ್ತಿದ ಬಾಲಕ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಎಲ್ಲೆಲ್ಲೋ ಅಲೆದು ಕೊನೆಗೆ ಸೇರಿದ್ದು ಖಾನ್ ಸಾಹೇಬರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ. ಕಿರಾಣಾ ಎಂಬ ಉತ್ತರದ ಊರಿನ ಮುಸಲ್ಮಾನ ಉಸ್ತಾದ, ಕುಂದಗೋಳದ ಬ್ರಾಹ್ಮಣ ಶಿಷ್ಯ, ಅವರ ಬಳಿ ಕಲಿತ ಗಂಗೂಬಾಯಿ ಹಾನಗಲ್. ಸ್ವರ ಕಲಿಯುವಾಗ ಯಾರೂ ಯಾರ ಜಾತಿಯನ್ನೂ ದಾಟಲಾರದ ಗೋಡೆಯೆಂದು ತಿಳಿಯಲಿಲ್ಲ.

ಗಂಗೂಬಾಯಿಯವರ ಎಳೆಯ ಪ್ರಾಯದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ನಾವೆಲ್ಲ ಬಲ್ಲ ಆ ಘನವಾದ, ಗಂಡುಕಂಠದಂಥ ದನಿ ಅಲ್ಲಿಲ್ಲ. ತೆಳುವಾದ, ಮೇಲಕ್ಕೆ ಹಾರುವ ಹೆಣ್ಣುದನಿಯಿದೆ. ಮುಂದೆ ಗಂಟಲಿನ ತೊಂದರೆ, ಚಿಕಿತ್ಸೆಗಳಾಗಿ ಆ ದನಿ ಹೋಯಿತು. ಹೋದ ದನಿಗೆ ಅಳುತ್ತ ಕೂರದೆ ಉಳಿದ ದನಿಯನ್ನೇ ಅವರು ಸಾಧನೆಯಿಂದ ದೊಡ್ಡದು ಮಾಡಿದರು. 2009ರಲ್ಲಿ ಅವರೂ ಹೋದರು. ಆ ಮೊದಲ ದನಿ ಉಳಿದಿರುವುದು ಅರಗಿನ ಗೆರೆಗಳಲ್ಲಿ ಮಾತ್ರ.

ಇವು ಮುಂದೆ ಎಲ್‌ಪಿ, ಕ್ಯಾಸೆಟ್, ಸಿಡಿಗಳಲ್ಲಿ ಮರುಬಿಡುಗಡೆಯಾದವು. ಅವನ್ನು ನಾನು ಹಳಿಯಲಾರೆ. ಹಳ್ಳಿಯ ಮೂಲೆಗೆ ಉಸ್ತಾದರನ್ನು ಮುಟ್ಟಿಸಿದ್ದು ಅವೇ. ಆದರೆ ಗರಗರ ಸದ್ದನ್ನು ಅತಿಯಾಗಿ ತೊಳೆದರೆ ಅದರೊಂದಿಗೆ ದನಿಯ ಅಂಚೂ ತೊಳೆದುಹೋಗುತ್ತದೆ. ಹಳೇ ತಟ್ಟೆಗಳೆಲ್ಲ ಸರಿಯಾಗಿ 78ರಲ್ಲೇ ತಿರುಗುತ್ತಿರಲಿಲ್ಲ. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ನಡುವಯಸ್ಸಿನ ಗಾಯಕ ಹುಡುಗನಾಗುತ್ತಾನೆ. ತಟ್ಟೆ ಕೈಯಲ್ಲಿದ್ದರಷ್ಟೇ ಇದನ್ನು ತಾಳೆ ನೋಡಲು ಸಾಧ್ಯ.

ಕಷ್ಟವಿರುವುದೂ ಇಲ್ಲಿಯೇ. ಉಕ್ಕಿನ ಸೂಜಿ ಇಟ್ಟು ಕೇಳಿದಷ್ಟು ಸಲವೂ ಗೆರೆ ಸವೆಯುತ್ತದೆ. ಕೇಳದೆ ಕಪಾಟಿನಲ್ಲಿಟ್ಟರೆ ಅದು ಹಾಡಲ್ಲ, ಬರೀ ಅರಗು. ಅದಕ್ಕೆ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಹೊಸದಾಗಿ ಸಿಕ್ಕ ತಟ್ಟೆಯನ್ನು ತೊಳೆದು, ಅದರ ಅಗಲ ಗೆರೆಗೆ ಹೊಂದುವ ಹಗುರ ಸೂಜಿಯಲ್ಲಿ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಕೇಳಿದವರಿಗೆ ಆ ಪ್ರತಿಯನ್ನು ಕೊಡುತ್ತೇನೆ, ಹಣ ತೆಗೆದುಕೊಳ್ಳುವುದಿಲ್ಲ. ದನಿ ಒಬ್ಬನ ಕಪಾಟಿನ ಆಸ್ತಿಯಾಗಬಾರದು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಕರಿ ತಟ್ಟೆಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಮಲಗಿಸದೆ ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ತಾಗದಿರಲಿ. ಅದರೊಳಗೆ ಯಾರಿದ್ದಾರೋ, ನುಡಿಸುವವರೆಗೆ ಹೇಗೆ ಗೊತ್ತಾದೀತು?